ಹೊಸ ಮಂಡಿ ಸರಿ, ರಿಜಿಸ್ಟರು ಎಲ್ಲಿ?

ಕಳೆದ ತಿಂಗಳು ನಮ್ಮ ಸಂಘದ ಸಭಾಗೃಹದಲ್ಲಿ ಏರ್ಪಟ್ಟಿದ್ದ ಆರೋಗ್ಯ ಉಪನ್ಯಾಸಕ್ಕೆ ಬಂದಿದ್ದ ಸದಸ್ಯ ಬಾಂಧವರಿಗೆ, ಅಂದು ವಂದನಾರ್ಪಣೆ ಮಾಡಿದವರು ನಾವೇ ಎಂಬುದು ನೆನಪಿರಬಹುದು. "ಮೂಳೆ ಶಸ್ತ್ರಚಿಕಿತ್ಸೆಯಲ್ಲಿ ಕ್ರಾಂತಿ" ಎಂಬುದು ಅಂದಿನ ವಿಷಯವಾಗಿತ್ತು. ಮುಂಬಯಿಯ ಒಂದು ದೊಡ್ಡ ಆಸ್ಪತ್ರೆಯಿಂದ ಬಂದಿದ್ದ ವೈದ್ಯರು ಪರದೆಯ ಮೇಲೆ ಚಿತ್ರಗಳನ್ನು ತೋರಿಸಿದರು. ರೋಬೋಟಿನ ಕೈ ಮಂಡಿಯ ಮೂಳೆಯನ್ನು ಕೂದಲೆಳೆಯಷ್ಟೂ ತಪ್ಪದೆ ಕೊಯ್ಯುವುದನ್ನು ಕಂಡು ಸಭೆ ಬೆರಗಾಯಿತು. ಕೊನೆಗೆ, ಹಿಂದಿನ ಸಾಲಿನಲ್ಲಿ ಕೋಲು ಹಿಡಿದು ಕುಳಿತಿದ್ದ ಹಿರಿಯರೊಬ್ಬರು ಎದ್ದು, "ಡಾಕ್ಟರೇ, ಹೀಗೆ ಮಾಡಿಸಿಕೊಂಡವರಲ್ಲಿ ಹತ್ತು ವರ್ಷದ ಮೇಲೆ ನೂರಕ್ಕೆ ಎಷ್ಟು ಜನ ಸರಿಯಾಗಿ ನಡೆಯುತ್ತಿದ್ದಾರೆ?" ಎಂದು ಕೇಳಿದರು. "ಫಲಿತಾಂಶ ಅತ್ಯುತ್ತಮ" ಎಂದು ಉತ್ತರ ಬಂತು. ನಾವು ಎದ್ದು, ವಿಜ್ಞಾನದ ಮುನ್ನಡೆಯನ್ನು ನಾಲ್ಕು ಮಾತಿನಲ್ಲಿ ಕೊಂಡಾಡಿ, ಹಾರ ಹಾಕಿ, ಫಲತಾಂಬೂಲ ಕೊಟ್ಟು ಅವರನ್ನು ಬೀಳ್ಕೊಟ್ಟೆವು.

ರಾತ್ರಿ ಲೋಕಲ್ ಗಾಡಿಯಲ್ಲಿ ಮನೆಗೆ ಮರಳುವಾಗ ನಮಗೆ ಹೊಳೆಯಿತು. ಹಿರಿಯರು ಕೇಳಿದ್ದು ಒಂದು ಸಂಖ್ಯೆಯನ್ನು. ಅವರಿಗೆ ಸಿಕ್ಕಿದ್ದು ಒಂದು ವಿಶೇಷಣ. ನಮ್ಮ ಕಚೇರಿಯಲ್ಲಿ ಯಾವನಾದರೂ ಪ್ರವಾಸಭತ್ಯದ ಬಿಲ್ಲಿನ ಮೊತ್ತದ ಜಾಗದಲ್ಲಿ "ಅತ್ಯುತ್ತಮ" ಎಂದು ಬರೆದು ಕಳಿಸಿದರೆ ನಾವು ಆ ಕಾಗದವನ್ನು ಅದೇ ದಿನ ಹಿಂದಕ್ಕೆ ಕಳಿಸುತ್ತೇವೆ. ಸಂಘದಲ್ಲಿ ಮಾತ್ರ ಚಪ್ಪಾಳೆ ತಟ್ಟಿದೆವು. ಆದುದರಿಂದ ಈ ಲೇಖನವನ್ನು ಅಂದಿನ ವಂದನಾರ್ಪಣೆಯ ತಿದ್ದುಪಡಿ ಎಂದೇ ಓದುಗರು ಭಾವಿಸಬೇಕೆಂದು ಕೋರುತ್ತೇವೆ.

ಮೊದಲೇ ಒಂದು ಮಾತು ಸ್ಪಷ್ಟಪಡಿಸುತ್ತೇವೆ. ನಾವು ಹೊಸತರ ವೈರಿಗಳಲ್ಲ. ರೈಲ್ವೆ ಸೇತುವೆಯ ಮೆಟ್ಟಿಲುಗಳನ್ನು ಮೂವತ್ತು ನಲವತ್ತು ವರ್ಷ ಹತ್ತಿ ಇಳಿದು ಮಂಡಿ ಸವೆಸಿಕೊಂಡವರು ನಮ್ಮ ಸಂಘದಲ್ಲಿ ಎಷ್ಟು ಮಂದಿಯೋ! ಬಾಲ್ಕನಿಯಲ್ಲಿ ಕುರ್ಚಿಗೆ ಅಂಟಿ ಕುಳಿತು, ಕೆಳಗೆ ಹೋಗುವ ಜನರನ್ನು ನೋಡುತ್ತ ದಿನ ನೂಕುವ ಅಜ್ಜಿಯರು ನಮ್ಮ ಪ್ರತಿ ಕಟ್ಟಡದಲ್ಲೂ ಇದ್ದಾರೆ. ಅಂಥವರನ್ನು ಎಬ್ಬಿಸಿ ನಡೆಸಿದ ವಿದ್ಯೆಗೆ ನಾವು ಕೈಮುಗಿಯುತ್ತೇವೆ. ಕೃತಕ ಕೀಲು ಇಪ್ಪತ್ತನೆಯ ಶತಮಾನದ ದೊಡ್ಡ ಉಪಕಾರಗಳಲ್ಲೊಂದು. ನಮ್ಮ ಜಗಳ ಬೇರೆ. ಹೊಸತು ಎಂಬ ಒಂದೇ ಕಾರಣಕ್ಕೆ ಒಂದು ವಸ್ತುವನ್ನು ಒಳ್ಳೆಯದೆಂದು ಒಪ್ಪಬೇಕೆ? ಒಪ್ಪಬೇಕಾದರೆ ಅದರ ಲೆಕ್ಕ ಇಟ್ಟವರು ಯಾರು? ನಮ್ಮ ಪ್ರಶ್ನೆ ಇಷ್ಟೆ.

ಈ ಕೀಲಿನ ಕಥೆಯನ್ನು ಮೊದಲಿಂದ ಹೇಳಬೇಕಾಗುತ್ತದೆ. ಇಂಗ್ಲೆಂಡಿನ ಲ್ಯಾಂಕಾಷೈರ್ ಪ್ರಾಂತದ ರೈಟಿಂಗ್ಟನ್ ಆಸ್ಪತ್ರೆಯಲ್ಲಿ ಜಾನ್ ಚಾರ್ನ್ಲಿ ಎಂಬ ಶಸ್ತ್ರವೈದ್ಯರಿದ್ದರು. ಆ ಕಾಲದಲ್ಲಿ ಸೊಂಟದ ಕೀಲಿಗೆ ಅಕ್ರಿಲಿಕ್ ಗುಂಡನ್ನು ಹಾಕುವ ಪದ್ಧತಿಯಿತ್ತು. ಹಾಗೆ ಹಾಕಿಸಿಕೊಂಡ ಒಬ್ಬ ರೋಗಿಯ ಸೊಂಟ ನಡೆದಾಡಿದರೆ ಕಿರ್‍ರೆಂದು ಸದ್ದು ಮಾಡುತ್ತಿತ್ತಂತೆ. ಹೆಂಡತಿಗೆ ಅದು ಸಹಿಸಲಾಗುತ್ತಿರಲಿಲ್ಲವಂತೆ. ಬೇರೆಯವರು ನಕ್ಕು ಬಿಡುತ್ತಿದ್ದರು. ಚಾರ್ನ್ಲಿ ಮಾತ್ರ ಕಿರುಗುಟ್ಟುವುದೆಂದರೆ ಘರ್ಷಣೆ, ಘರ್ಷಣೆಯೆಂದರೆ ಸಡಿಲವಾಗುವುದು ಎಂದು ಲೆಕ್ಕ ಹಾಕಿದರು. ಬಿ.ಎಸ್ಸಿ. ತರಗತಿಯಲ್ಲಿ ಘರ್ಷಣೆಯ ಗುಣಾಂಕವನ್ನು ಬಾಯಿಪಾಠ ಮಾಡಿ ಮರೆತ ನಮ್ಮಂಥವರಿಗೆ, ಅದೇ ಪಾಠ ಒಬ್ಬನ ಕೈಯಲ್ಲಿ ಮನುಷ್ಯನನ್ನು ನಡೆಸಿತೆಂಬುದು ಸೋಜಿಗವೇ ಸರಿ. ಸಣ್ಣ ಉಕ್ಕಿನ ಗುಂಡು, ಅದು ತಿರುಗಲು ಜಾರುವ ಪ್ಲಾಸ್ಟಿಕ್ಕಿನ ಬಟ್ಟಲು, ಎರಡನ್ನೂ ಮೂಳೆಗೆ ಕಚ್ಚಿಸಲು ಅಕ್ರಿಲಿಕ್ ಸಿಮೆಂಟು. ಇದು ಅವರ ಉಪಾಯ.

ಬಟ್ಟಲಿಗೆ ಅವರು ಮೊದಲು ಆರಿಸಿದ್ದು ಟೆಫ್ಲಾನ್. ಇಂದು ನಮ್ಮ ದೋಸೆ ಹೆಂಚುಗಳ ಮೇಲೆ ಬಳಿದಿರುವ ವಸ್ತು ಅದೇ. ೧೯೫೦ರ ದಶಕದ ಕೊನೆಯಿಂದ ೧೯೬೨ರವರೆಗೆ ಸುಮಾರು ೩೦೦ ಸೊಂಟಗಳಿಗೆ ಅದನ್ನು ಹಾಕಿದರು. ರೋಗಿಗಳು ಎದ್ದು ನಡೆದರು, ನೋವು ಮಾಯವಾಯಿತು. ೧೯೬೧ರಲ್ಲಿ "ಲ್ಯಾನ್ಸೆಟ್" ಪತ್ರಿಕೆಯಲ್ಲಿ ಲೇಖನವೂ ಪ್ರಕಟವಾಯಿತು. ಅಂದು ನಮ್ಮಂಥ ವಂದನಾರ್ಪಣೆಯವರು ಅಲ್ಲಿದ್ದಿದ್ದರೆ ಹಾರ ಹಾಕಿ ಮುಗಿಸುತ್ತಿದ್ದರು. ಆದರೆ ಎರಡು ಮೂರು ವರ್ಷದೊಳಗೆ ಟೆಫ್ಲಾನ್ ಸವೆದು ಪುಡಿಯಾಗತೊಡಗಿತು. ಆ ಪುಡಿ ಸುತ್ತಲಿನ ಮಾಂಸವನ್ನೂ ಮೂಳೆಯನ್ನೂ ಕೆಡಿಸಿತು. ಕೀಲುಗಳು ಒಂದೊಂದಾಗಿ ಸಡಿಲವಾದವು.

ಇಲ್ಲಿ ಆ ಮನುಷ್ಯ ಏನು ಮಾಡಿದರೆಂಬುದನ್ನು ಓದುಗರು ಗಮನಿಸಬೇಕು. ಅವರು ರೋಗಿಗಳನ್ನು ಕೈಬಿಡಲಿಲ್ಲ. ತಾವೇ ಕರೆಸಿ, ತಾವೇ ಮತ್ತೆ ಶಸ್ತ್ರಚಿಕಿತ್ಸೆ ಮಾಡಿ, ಕೆಟ್ಟ ಬಟ್ಟಲುಗಳನ್ನು ತೆಗೆದರು. ತೆಗೆದ ಬಟ್ಟಲುಗಳನ್ನು ಎಸೆಯದೆ ಎಷ್ಟು ಸವೆದಿವೆಯೆಂದು ಅಳೆದರು. ಟೆಫ್ಲಾನಿನ ಕಣಗಳನ್ನು ತಮ್ಮ ತೊಡೆಯ ಮಾಂಸದಲ್ಲೇ ಇರಿಸಿಕೊಂಡು ಅದು ಗಂಟು ಕಟ್ಟುವುದನ್ನು ಪರೀಕ್ಷಿಸಿದರು. ತಪ್ಪನ್ನು ಮುಚ್ಚಿಡದೆ ಬರೆದು ಪ್ರಕಟಿಸಿದರು.

೧೯೬೨ರಲ್ಲಿ ಅವರ ಪ್ರಯೋಗಾಲಯದ ತಾಂತ್ರಿಕ ಸಹಾಯಕ ಹ್ಯಾರಿ ಕ್ರೇವನ್ ಎಂಬಾತನ ಕೈಗೆ ಒಂದು ಹೊಸ ಪ್ಲಾಸ್ಟಿಕ್ಕಿನ ತುಂಡು ಬಂತು. ಅದು ಹೆಚ್ಚು ಅಣುತೂಕದ ಪಾಲಿಥಿಲೀನ್. ಚಾರ್ನ್ಲಿ ಅದನ್ನು ನೋಡಿ, ಉಗುರಿನಿಂದ ಗೀರಿ, ಬೇಡವೆಂದು ತಳ್ಳಿಹಾಕಿದರಂತೆ. ಅವರು ಪರಸ್ಥಳಕ್ಕೆ ಹೋಗಿದ್ದಾಗ ಕ್ರೇವನ್ ಅದನ್ನು ಸವೆತದ ಯಂತ್ರಕ್ಕೆ ಹಾಕಿ ಓಡಿಸಿಯೇ ಬಿಟ್ಟ. ಟೆಫ್ಲಾನ್ ಒಂದು ದಿನದಲ್ಲಿ ಸವೆಯುವಷ್ಟು ಇದು ಮೂರು ವಾರದಲ್ಲೂ ಸವೆಯಲಿಲ್ಲ. ಸಾಹೇಬರು ಹಿಂದಿರುಗಿ ಅಳತೆ ನೋಡಿ ತಮ್ಮ ಮಾತನ್ನು ಹಿಂತೆಗೆದುಕೊಂಡರು. ೧೯೬೨ರ ನವೆಂಬರಿನಿಂದ ಪಾಲಿಥಿಲೀನ್ ಬಟ್ಟಲು ಬಂತು. ಅದರ ಸುಧಾರಿಸಿದ ಸಂತತಿಯೇ ಇಂದಿಗೂ ಲೋಕದಲ್ಲಿ ನಡೆದಾಡುತ್ತಿದೆ. ಸಹಾಯಕನೊಬ್ಬನ ಅಳತೆಯ ಮುಂದೆ ಸಾಹೇಬರ ಅಭಿಪ್ರಾಯ ಸೋತ ಈ ಕಥೆ ನಮ್ಮಂಥ ಗುಮಾಸ್ತರಿಗೆ ಏಕೆ ಇಷ್ಟವೆಂದು ಬೇರೆ ಹೇಳಬೇಕಾಗಿಲ್ಲ.

ಇಷ್ಟಕ್ಕೂ ಚಾರ್ನ್ಲಿ ತಕ್ಷಣ ಅಂಗಡಿ ತೆರೆಯಲಿಲ್ಲ. ಆರಂಭದ ಹಲವು ವರ್ಷ, ತಮ್ಮ ಬಳಿ ಬಂದು ಕಲಿತವರಿಗೆ ಹೊರತು ಬೇರೆಯವರಿಗೆ ಆ ಕೀಲನ್ನು ಮಾರಕೂಡದೆಂದು ತಯಾರಕರಿಗೆ ಕಟ್ಟಳೆ ಹಾಕಿದ್ದರು. ರೋಗಿ ಮುಂದೆಂದೋ ಸಹಜವಾಗಿ ತೀರಿಕೊಂಡಾಗ ಆ ಕೀಲನ್ನು ಪರೀಕ್ಷೆಗೆ ಕೊಡಬೇಕೆಂದು ಮೊದಲೇ ಒಪ್ಪಿಗೆ ಕೇಳುತ್ತಿದ್ದರು. ನಾವು ಹೊಸತನವೆನ್ನುವುದು ಇದನ್ನು. ಹೊಸ ವಸ್ತು ಮಾಡಿದ್ದು ಅದರಲ್ಲಿ ಅರ್ಧ ಭಾಗ. ಅದರ ಬೆನ್ನು ಹತ್ತಿ ಇಪ್ಪತ್ತು ವರ್ಷ ಲೆಕ್ಕ ಇಟ್ಟದ್ದು ಉಳಿದರ್ಧ.

ಈಗ ಇನ್ನೊಂದು ಕಥೆ. ೨೦೦೩ರಲ್ಲಿ ಡಿಪ್ಯೂ ಎಂಬ ಕಂಪನಿ, ಎಂದರೆ ಜಾನ್ಸನ್ ಅಂಡ್ ಜಾನ್ಸನ್ನಿನ ಅಂಗಸಂಸ್ಥೆ, ಎ.ಎಸ್.ಆರ್. ಎಂಬ ಹೊಸ ಸೊಂಟದ ಕೀಲನ್ನು ಮಾರುಕಟ್ಟೆಗೆ ತಂದಿತು. ಇದರಲ್ಲಿ ಪ್ಲಾಸ್ಟಿಕ್ಕಿಲ್ಲ, ಗುಂಡೂ ಲೋಹ, ಬಟ್ಟಲೂ ಲೋಹ. ವಯಸ್ಸಿನಲ್ಲಿ ಕಿರಿಯರಾದ, ಓಡಾಡುವ ರೋಗಿಗಳಿಗೆ ಇದು ಹೇಳಿ ಮಾಡಿಸಿದ್ದೆಂದು ಪ್ರಚಾರ ನಡೆಯಿತು. ಅಮೆರಿಕದಲ್ಲಿ ಇದರ ಒಂದು ರೂಪಕ್ಕೆ ೨೦೦೫ರಲ್ಲಿ ಅನುಮತಿ ಸಿಕ್ಕಿದ್ದು ರೋಗಿಗಳ ಮೇಲಿನ ಪ್ರಯೋಗದಿಂದಲ್ಲ, ಮಾರುಕಟ್ಟೆಯಲ್ಲಿ ಈಗಾಗಲೇ ಇರುವ ಕೀಲುಗಳಂತೆಯೇ ಇದೂ ಎಂಬ ಸಾಮ್ಯದ ಆಧಾರದಿಂದ. ಮಾರುವಾಗ ಹಿಂದೆಂದೂ ಇಲ್ಲದ್ದು, ಅನುಮತಿ ಕೇಳುವಾಗ ಹಿಂದಿನಂಥದ್ದೇ! ಈ ಜಾಣತನಕ್ಕೆ ಏನೆನ್ನಬೇಕು?

ಆ ಬಟ್ಟಲು ಆಳ ಸಾಲದ್ದು. ಗುಂಡು ಬಟ್ಟಲಿನ ಅಂಚಿಗೆ ಉಜ್ಜಿ, ಕೋಬಾಲ್ಟ್ ಮತ್ತು ಕ್ರೋಮಿಯಂ ಲೋಹದ ಸೂಕ್ಷ್ಮ ಕಣಗಳು ಮಾಂಸಕ್ಕೂ ರಕ್ತಕ್ಕೂ ಸೇರಿದವು. ಕೀಲಿನ ಸುತ್ತ ಮಾಂಸ ಸತ್ತು ಗಡ್ಡೆಗಳಾದವು. ೨೦೧೦ರ ಆಗಸ್ಟ್ ೨೪ರಂದು ಕಂಪನಿ ಲೋಕದೆಲ್ಲೆಡೆಯಿಂದ ಅದನ್ನು ಹಿಂತೆಗೆದುಕೊಂಡಿತು. ಅಷ್ಟು ಹೊತ್ತಿಗೆ ಸುಮಾರು ೯೩,೦೦೦ ಜನರ ದೇಹದಲ್ಲಿ ಅದು ಸೇರಿ ಹೋಗಿತ್ತು. ಐದು ವರ್ಷದೊಳಗೆ ನೂರಕ್ಕೆ ಹನ್ನೆರಡು ಹದಿಮೂರು ಮಂದಿ ಮತ್ತೆ ಕತ್ತಿಗೆ ಮೈಯೊಡ್ಡಬೇಕಾಗಿತ್ತು. ಒಳ್ಳೆಯ ಕೀಲುಗಳಲ್ಲಿ ಈ ಪ್ರಮಾಣ ನೂರಕ್ಕೆ ಐದನ್ನೂ ಮುಟ್ಟುವುದಿಲ್ಲ.

ಈ ಅನಾಹುತವನ್ನು ಕಂಡುಹಿಡಿದವರು ಯಾರು? ಮಾರಿದ ಕಂಪನಿಯಲ್ಲ, ಚಪ್ಪಾಳೆ ತಟ್ಟಿದ ಸಭೆಗಳಲ್ಲ. ಆಸ್ಟ್ರೇಲಿಯದ ಒಂದು ರಿಜಿಸ್ಟರು! ಆ ದೇಶದಲ್ಲಿ ಯಾರಿಗೆ, ಯಾವ ದಿನ, ಯಾವ ಕೀಲು ಹಾಕಲಾಯಿತು, ಅದನ್ನು ಯಾವಾಗ ತೆಗೆಯಲಾಯಿತು ಎಂಬುದನ್ನು ೧೯೯೯ರಿಂದ ಬರೆದಿಡುತ್ತ ಬಂದಿದ್ದಾರೆ. ೨೦೦೭ರಿಂದಲೇ ಅವರ ಲೆಕ್ಕದಲ್ಲಿ ಈ ಕೀಲು ಕೆಂಪು ಗುರುತು ಪಡೆದಿತ್ತು. ೨೦೦೯ರ ಡಿಸೆಂಬರಿನಲ್ಲಿ ಅಲ್ಲಿ ಮಾರಾಟ ನಿಂತಿತು. ಮರುವರ್ಷ ಇಂಗ್ಲೆಂಡಿನ ರಿಜಿಸ್ಟರಿನ ಅಂಕಿಗಳೂ ಅದನ್ನೇ ಹೇಳಿದಾಗ ಲೋಕಕ್ಕೆ ಬೇರೆ ದಾರಿ ಉಳಿಯಲಿಲ್ಲ.

ನಮ್ಮಲ್ಲಿ ಏನಾಯಿತು? ಭಾರತದಲ್ಲಿ ಸುಮಾರು ೪,೭೦೦ ಶಸ್ತ್ರಚಿಕಿತ್ಸೆಗಳಲ್ಲಿ ಈ ಕೀಲನ್ನು ಹಾಕಲಾಗಿತ್ತು. ನಾವು ಅನ್ನ ತಿನ್ನುತ್ತಿರುವ ಈ ಮಹಾರಾಷ್ಟ್ರದ ಆಹಾರ ಮತ್ತು ಔಷಧ ಆಡಳಿತ ಇದನ್ನು ಬೆನ್ನು ಹತ್ತಿತೆಂಬುದನ್ನು ಕೃತಜ್ಞತೆಯಿಂದ ನೆನೆಯಬೇಕು. ಆದರೆ ಕೇಂದ್ರ ಆರೋಗ್ಯ ಸಚಿವಾಲಯ ತಜ್ಞರ ಸಮಿತಿಯನ್ನು ನೇಮಿಸಿದ್ದು ೨೦೧೭ರಲ್ಲಿ, ಕೀಲು ಹಿಂತೆಗೆದ ಏಳು ವರ್ಷದ ಮೇಲೆ. ಬಾಧಿತರಿಗೆ ತಲಾ ೨೦ ಲಕ್ಷ ರೂಪಾಯಿಗೆ ಕಡಿಮೆಯಿಲ್ಲದ ಪರಿಹಾರ ಸಿಗಬೇಕೆಂದು ಸಮಿತಿ ಹೇಳಿತು. ಹೇಳಿದ್ದು ಸರಿಯೇ. ಆದರೆ ಕೊಡುವುದು ಯಾರಿಗೆ? ಅವರಲ್ಲಿ ಸುಮಾರು ೩,೬೦೦ ಮಂದಿಯ ಪತ್ತೆಯೇ ಇರಲಿಲ್ಲ! ನಮ್ಮ ದೇಶದ ಯಾವುದೋ ಊರಿನಲ್ಲಿ, ಯಾವುದೋ ಮನೆಯಲ್ಲಿ, ಸೊಂಟದ ನೋವನ್ನು ವಯಸ್ಸಿನ ಪಾಲಿಗೆ ಬರೆದು ನರಳುತ್ತಿರುವ ಆ ಮನುಷ್ಯನಿಗೆ ತನ್ನೊಳಗೆ ಇರುವುದು ಹಿಂತೆಗೆದ ಸರಕು ಎಂಬುದೇ ತಿಳಿಯದು. ಹಾಳಾದ ಮೋಟಾರು ಗಾಡಿಯನ್ನು ಕಂಪನಿ ನಂಬರು ಹಿಡಿದು ವಾಪಸು ಕರೆಸುತ್ತದೆ. ಮನುಷ್ಯನಿಗೆ ಆ ಮರ್ಯಾದೆ ಬೇಡವೇ?

ಈಗ ನಮ್ಮ ಮನೆಯ ಮಾತು. ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳಬೇಕು. ನಮ್ಮ ತಾಯಿಯವರಿಗೆ ಎಡಮಂಡಿಯ ಕೀಲು ಬದಲಾಯಿಸಿ ಎಂಟು ವರ್ಷವಾಯಿತು. ಅವರು ಊರಿನಲ್ಲಿ ತಮ್ಮನ ಮನೆಯಲ್ಲಿದ್ದಾರೆ. ಶಸ್ತ್ರಚಿಕಿತ್ಸೆ ನಡೆದದ್ದೂ ಅಲ್ಲಿಗೆ ಹತ್ತಿರದ ನಗರದಲ್ಲಿ. ನಾವು ಹದಿನೈದು ದಿನ ರಜೆ ಹಾಕಿ ಹೋಗಿದ್ದೆವು. ಮೊದಲ ಐದು ವರ್ಷ ಏನೂ ತೊಂದರೆಯಿರಲಿಲ್ಲ. ದೇವಸ್ಥಾನಕ್ಕೆ ತಾವೇ ನಡೆದು ಹೋಗುತ್ತಿದ್ದರು. ಆಮೇಲೆ ನೋವು, ಬಾವು ಶುರುವಾಯಿತು. ಬೇರೊಬ್ಬ ವೈದ್ಯರ ಬಳಿಗೆ ಕರೆದುಕೊಂಡು ಹೋದಾಗ ಅವರು ಕೇಳಿದ ಮೊದಲ ಪ್ರಶ್ನೆ, "ಹಾಕಿರುವುದು ಯಾವ ಕಂಪನಿಯ ಕೀಲು? ಯಾವ ಅಳತೆ? ಬ್ಯಾಚ್ ಸಂಖ್ಯೆ ಏನು?" ಕೇವಲ ಸವೆದ ಪ್ಲಾಸ್ಟಿಕ್ ತುಂಡನ್ನು ಬದಲಾಯಿಸಿದರೆ ಸಾಕೇ, ಇಡೀ ಕೀಲನ್ನೇ ಕಿತ್ತು ಹಾಕಬೇಕೇ ಎಂಬುದನ್ನು ನಿರ್ಧರಿಸಲು ಅವರಿಗೆ ಅದು ಬೇಕಾಗಿತ್ತು.

ನಮ್ಮ ಬಳಿ ಇದ್ದ ಬಿಡುಗಡೆ ಪತ್ರದಲ್ಲಿ "ಎಡಮಂಡಿ ಬದಲಾವಣೆ, ರೋಗಿ ಕ್ಷೇಮ" ಎಂದಷ್ಟೇ ಇತ್ತು. ಮೊದಲಿನ ಆಸ್ಪತ್ರೆಗೆ ಹೋದರೆ ಹಳೆಯ ಕಡತ ಸಿಗಲಿಲ್ಲ. ಕೀಲಿನ ಡಬ್ಬದ ಮೇಲಿನ ಚೀಟಿ ತಮ್ಮನ ವಿಮೆಯ ಬಿಲ್ಲಿನ ಜೊತೆ ಹೋಗಿತ್ತು. ವಿಮಾ ಕಚೇರಿಯಲ್ಲಿ ವಿಚಾರಿಸಿದರೆ ಅವಧಿ ಮುಗಿದ ಕಾಗದಗಳನ್ನು ವಿಲೇವಾರಿ ಮಾಡಿದ್ದಾಯಿತೆಂಬ ಉತ್ತರ ಬಂತು. ಆ ಉತ್ತರದಲ್ಲಿ ನಮಗೆ ತಪ್ಪು ಕಾಣಲಿಲ್ಲ. ಅವಧಿ ಮುಗಿದ ಕಡತಗಳನ್ನು ಪಟ್ಟಿ ಮಾಡಿ ನಾಶಕ್ಕೆ ಕಳಿಸುವ ಕೆಲಸವನ್ನು ನಮ್ಮ ಕಚೇರಿಯಲ್ಲಿ ನಾವೇ ಮಾಡುತ್ತೇವೆ. ಹಣ ಸಂದಾಯವಾಗುವವರೆಗೆ ಆ ಚೀಟಿಗೆ ಬೆಲೆಯಿತ್ತು. ಕೀಲು ತಾಯಿಯ ಕಾಲಿನಲ್ಲಿ ಇರುವವರೆಗೆ ಅದಕ್ಕೆ ಬೆಲೆ ಇರಬೇಕೆಂದು ಯಾರಿಗೂ ತೋಚಲಿಲ್ಲ. ನಮಗೂ ತೋಚಲಿಲ್ಲ. ಕಚೇರಿಯಲ್ಲಿ ಇನ್ನೂರು ರೂಪಾಯಿಯ ರಿಕ್ಷಾ ಬಾಡಿಗೆಗೂ ರಸೀತಿ ಕೇಳುವ ನಾವು, ಹೆತ್ತ ತಾಯಿಯ ಮೈಯೊಳಗೆ ಇಟ್ಟ ಲೋಹಕ್ಕೆ ರಸೀತಿ ಕೇಳಲಿಲ್ಲ. ಕೊನೆಗೆ ವೈದ್ಯರು ಎಕ್ಸ್-ರೇ ನೋಡಿ ಅಂದಾಜು ಮಾಡಬೇಕಾಯಿತು. ತಾಯಿಯವರು ಇಂದಿಗೂ ಗೋಡೆ ಹಿಡಿದು ನಡೆಯುತ್ತಾರೆ. ಎರಡನೆಯ ಸಲ ಕೊಯ್ಸಿಕೊಳ್ಳಲು ಅವರಿಗೆ ಧೈರ್ಯವಿಲ್ಲ, ಒತ್ತಾಯಿಸಲು ನಮಗೆ ಬಾಯಿಲ್ಲ.

ಆದುದರಿಂದಲೇ ಹೇಳುತ್ತೇವೆ: ಮೂಳೆ ಶಸ್ತ್ರಚಿಕಿತ್ಸೆಯಲ್ಲಿ ಕಳೆದ ಐವತ್ತು ವರ್ಷಗಳ ಅತಿ ದೊಡ್ಡ ಹೊಸತನ ರೋಬೋಟಲ್ಲ, ರಿಜಿಸ್ಟರು. ಸ್ವೀಡನ್ ದೇಶದವರು ೧೯೭೫ರಲ್ಲಿ ಮಂಡಿ ಕೀಲುಗಳಿಗೂ ೧೯೭೯ರಲ್ಲಿ ಸೊಂಟದ ಕೀಲುಗಳಿಗೂ ಇಡೀ ದೇಶಕ್ಕೆ ಒಂದೊಂದು ದಾಖಲೆ ಪುಸ್ತಕ ತೆರೆದರು. ಯಾವ ಕೀಲು ಬೇಗ ಕೆಡುತ್ತದೆ, ಸಿಮೆಂಟು ಹಾಕುವ ಯಾವ ವಿಧಾನ ಗಟ್ಟಿ ನಿಲ್ಲುತ್ತದೆ ಎಂಬುದನ್ನು ವರ್ಷ ವರ್ಷ ಲೆಕ್ಕ ಮಾಡಿ ಪ್ರತಿ ಆಸ್ಪತ್ರೆಗೂ ತಿಳಿಸಿದರು. ಕೆಟ್ಟ ಕೀಲುಗಳು ತಾವಾಗಿ ಬಿದ್ದುಹೋದವು. ಮರುಶಸ್ತ್ರಚಿಕಿತ್ಸೆಯ ಪ್ರಮಾಣ ಇಳಿಯಿತು. ಇಂಗ್ಲೆಂಡ್ ಮತ್ತು ವೇಲ್ಸ್ ೨೦೦೩ರಲ್ಲಿ ಅದೇ ದಾರಿ ಹಿಡಿದವು. ನಮ್ಮ ದೇಶದಲ್ಲೂ ಕೀಲು ವೈದ್ಯರ ಸಂಘದವರು ತಾವಾಗಿ ಒಂದು ದಾಖಲೆ ನಡೆಸುತ್ತಿದ್ದಾರೆ, ಅವರಿಗೆ ನಮಸ್ಕಾರ. ಆದರೆ ಅದು ಇಷ್ಟವಿದ್ದವರು ಬರೆಯುವ ಪುಸ್ತಕ. ಹಾಜರಿ ಪುಸ್ತಕಕ್ಕೆ ಇಷ್ಟವಿದ್ದವರು ಮಾತ್ರ ಸಹಿ ಹಾಕಿದರೆ ಏನಾಗುತ್ತದೆಂದು ಗುಮಾಸ್ತರಿಗೆ ಗೊತ್ತು: ಹೊತ್ತಿಗೆ ಸರಿಯಾಗಿ ಬಂದವರ ಹೆಸರು ಮಾತ್ರ ಅದರಲ್ಲಿರುತ್ತದೆ.

ನಮ್ಮ ಮಾತಿಗೆ ಬರಬಹುದಾದ ಆಕ್ಷೇಪಣೆಗಳನ್ನು ನಾವು ಬಲ್ಲೆವು.

ಮೊದಲನೆಯದು: ನಮ್ಮದು ನೂರನಲವತ್ತು ಕೋಟಿ ಜನರ ದೇಶ, ಸ್ವೀಡನ್ನಿನಂಥ ಪುಟ್ಟ ದೇಶದ ಪದ್ಧತಿ ಇಲ್ಲಿ ನಡೆಯದು ಎಂಬುದು. ಸ್ವಾಮಿ, ನಮ್ಮ ರೈಲ್ವೆ ಇಲಾಖೆ ದಾದರಿನಲ್ಲಿ ಹತ್ತಿ ಹುಬ್ಬಳ್ಳಿಯಲ್ಲಿ ಇಳಿಯುವ ಒಬ್ಬೊಬ್ಬನ ಹೆಸರು, ವಯಸ್ಸು, ಮಲಗುವ ಹಲಗೆಯ ಸಂಖ್ಯೆ ಇಟ್ಟುಕೊಳ್ಳುತ್ತದೆ. ಜೀವವಿಮೆಯವರು, ಭವಿಷ್ಯನಿಧಿಯವರು ಕೋಟಿಗಟ್ಟಲೆ ಖಾತೆ ಇಟ್ಟಿದ್ದಾರೆ. ಆಧಾರ್ ಸಂಖ್ಯೆ ಹುಟ್ಟಿದ ಮಗುವಿಗೂ ಇದೆ. ಒಂದು ರಾತ್ರಿ ಮಲಗುವ ಹಲಗೆಗೆ ಇರುವ ಲೆಕ್ಕ ಜನ್ಮವಿಡೀ ನಡೆಯಬೇಕಾದ ಮಂಡಿಗೆ ಇರಬಾರದೇ? ಸಾಮರ್ಥ್ಯ ಇದೆ, ಮನಸ್ಸಿಲ್ಲ ಅಷ್ಟೆ.

ಎರಡನೆಯದು: ವೈದ್ಯರ ವಿದ್ಯೆಯಲ್ಲಿ ಗುಮಾಸ್ತ ತಲೆಹಾಕುವುದು ಸರಿಯೇ ಎಂಬುದು. ವೈದ್ಯರ ಕೈಚಳಕವನ್ನು ನಾವು ಪ್ರಶ್ನಿಸುತ್ತಿಲ್ಲ. ಆದರೆ ಒಳ್ಳೆಯ ಕೈ, ಒಳ್ಳೆಯ ಮನಸ್ಸು ಎರಡೂ ಇದ್ದವರೂ ಲೆಕ್ಕವಿಲ್ಲದಿದ್ದರೆ ಮೋಸಹೋಗುತ್ತಾರೆ ಎಂಬುದಕ್ಕೆ ವೈದ್ಯರೇ ಸಾಕ್ಷಿ ಒದಗಿಸಿದ್ದಾರೆ. ಸವೆದ ಮಂಡಿಯೊಳಗೆ ಸಣ್ಣ ತೂತಿನ ಮೂಲಕ ದುರ್ಬೀನು ತೂರಿಸಿ, ತೊಳೆದು, ಕೆರೆದು ಶುಚಿಮಾಡುವ ಶಸ್ತ್ರಚಿಕಿತ್ಸೆ ಒಂದು ಕಾಲದಲ್ಲಿ ಅಮೆರಿಕದಲ್ಲಿ ಲಕ್ಷಗಟ್ಟಲೆ ನಡೆಯುತ್ತಿತ್ತು. ಹ್ಯೂಸ್ಟನ್ ನಗರದಲ್ಲಿ ಮೋಸ್ಲಿ ಎಂಬ ಶಸ್ತ್ರವೈದ್ಯರು ೧೮೦ ರೋಗಿಗಳನ್ನು, ಅವರ ಒಪ್ಪಿಗೆ ಪಡೆದೇ, ಮೂರು ಗುಂಪು ಮಾಡಿದರು. ಒಂದಕ್ಕೆ ತೊಳೆಯುವುದು, ಒಂದಕ್ಕೆ ಕೆರೆಯುವುದು. ಮೂರನೆಯ ಗುಂಪಿಗೆ ಚರ್ಮವನ್ನು ಮಾತ್ರ ಕೊಯ್ದು ಹೊಲಿದರು, ಒಳಗೆ ಏನೂ ಮಾಡಲಿಲ್ಲ. ಯಾರು ಯಾವ ಗುಂಪೆಂದು ರೋಗಿಗಳಿಗೆ ತಿಳಿಸಲಿಲ್ಲ. ಎರಡು ವರ್ಷ ಅವರ ನೋವನ್ನೂ ನಡಿಗೆಯನ್ನೂ ಅಳೆದರು. ೨೦೦೨ರಲ್ಲಿ ಪ್ರಕಟವಾದ ಫಲಿತಾಂಶ: ಮೂರೂ ಗುಂಪು ಸಮ! ಸುಳ್ಳು ಶಸ್ತ್ರಚಿಕಿತ್ಸೆಗಿಂತ ನಿಜವಾದದ್ದು ಹೆಚ್ಚೇನೂ ಗುಣ ಕೊಡಲಿಲ್ಲ. ಆ ಶಸ್ತ್ರಚಿಕಿತ್ಸೆ ಮಾಡುತ್ತಿದ್ದವರೆಲ್ಲ ವಂಚಕರೇ? ಅಲ್ಲ. ರೋಗಿ ನಗುತ್ತ ಬಂದು ಕೈಮುಗಿದದ್ದನ್ನು ಅವರು ಕಣ್ಣಾರೆ ಕಂಡಿದ್ದರು. ಹಾಗೆ ಕಂಡದ್ದೆಲ್ಲ ಲೆಕ್ಕವಾಗುವುದಿಲ್ಲ.

ಮೂರನೆಯದು: ಇಷ್ಟೆಲ್ಲ ಕಟ್ಟಳೆ ಹಾಕಿದರೆ ಹೊಸತು ಹುಟ್ಟುವುದೇ ಇಲ್ಲ ಎಂಬುದು. ಚಾರ್ನ್ಲಿಯವರ ಕಥೆಯೇ ಇದಕ್ಕೆ ಉತ್ತರ. ಬೇಕಾದರೆ ನಮ್ಮ ದೇಶದ್ದೇ ಇನ್ನೊಂದು ಉತ್ತರ ಕೊಡುತ್ತೇವೆ. ೧೯೬೦ರ ದಶಕದ ಕೊನೆಯಲ್ಲಿ ಜಯಪುರದ ಸವಾಯಿ ಮಾನಸಿಂಗ್ ಆಸ್ಪತ್ರೆಯಲ್ಲಿ ಡಾ. ಪಿ. ಕೆ. ಸೇಠಿ ಎಂಬ ಮೂಳೆ ವೈದ್ಯರೂ, ಹೆಚ್ಚು ಶಾಲೆ ಕಲಿಯದ ಕುಶಲಕರ್ಮಿ ರಾಮಚಂದ್ರ ಶರ್ಮರೂ ಸೇರಿ ರಬ್ಬರಿನ ಕೃತಕ ಪಾದವನ್ನು ಮಾಡಿದರು. ವಿದೇಶದ ಮಾದರಿಯ ಕಾಲುಗಳನ್ನು ರೋಗಿಗಳು ಮನೆಯ ಮೂಲೆಗೆ ಎಸೆಯುತ್ತಿದ್ದುದನ್ನು ಸೇಠಿಯವರು ಗಮನಿಸಿದ್ದರು. ಏಕೆ ಎಸೆಯುತ್ತಾರೆಂದು ಕೇಳಿದರು. ಬೂಟಿಲ್ಲದೆ ಅದರಲ್ಲಿ ನಡೆಯಲಾಗದು, ಕುಕ್ಕರಗಾಲಲ್ಲಿ ಕೂರಲಾಗದು, ಕೆಸರುಗದ್ದೆಗೆ ಇಳಿಯಲಾಗದು, ಚಕ್ಕಳಮಕ್ಕಳ ಹಾಕಿ ಉಣ್ಣಲಾಗದು ಎಂಬ ಉತ್ತರ ಬಂತು. ಆ ಉತ್ತರದಿಂದ ಜಯಪುರ ಕಾಲು ಹುಟ್ಟಿತು. ೧೯೭೫ರಲ್ಲಿ ಜಯಪುರದಲ್ಲಿ ಸ್ಥಾಪನೆಯಾದ ಭಗವಾನ್ ಮಹಾವೀರ ವಿಕಲಾಂಗ ಸಹಾಯತಾ ಸಮಿತಿ ಅದನ್ನು ಬಡವರಿಗೆ ಉಚಿತವಾಗಿ ತೊಡಿಸುತ್ತ ಬಂದಿದೆ. ಸೇಠಿಯವರಿಗೆ ೧೯೮೧ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಕೊಟ್ಟ ಮೇಲೆ ರೋಗಿ ಅದನ್ನು ಬಳಸುತ್ತಾನೆಯೇ ಎಂದು ತಿರುಗಿ ನೋಡಿದ್ದೇ ಇಲ್ಲಿ ಆವಿಷ್ಕಾರಕ್ಕೆ ಮೂಲವಾಯಿತು. ತಿರುಗಿ ನೋಡುವುದು ಹೊಸತಿಗೆ ಅಡ್ಡಿಯಲ್ಲ, ಅದರ ತವರು.

ಇನ್ನು ಅಂದಿನ ರೋಬೋಟಿನ ವಿಷಯ. ರೋಬೋಟಿನ ಸಹಾಯದಿಂದ ಕೀಲನ್ನು ಎಣಿಸಿದ ಕೋನದಲ್ಲಿ ಹೆಚ್ಚು ನಿಖರವಾಗಿ ಕೂರಿಸಬಹುದೆಂಬುದು ನಿಜ. ಅದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಕೋನ ಸರಿಯಾದ ಮಾತ್ರಕ್ಕೆ ಹತ್ತು ಹದಿನೈದು ವರ್ಷದ ಮೇಲೆ ರೋಗಿಯ ನೋವು ಕಡಿಮೆ, ಕೀಲಿನ ಬಾಳಿಕೆ ಹೆಚ್ಚು ಎಂಬುದು ಇನ್ನೂ ಗಟ್ಟಿಯಾಗಿ ಸ್ಥಾಪಿತವಾಗಿಲ್ಲ. ಅದಾಗುವವರೆಗೆ ಅದು ಒಂದು ಒಳ್ಳೆಯ ಆಸೆ, ಅಷ್ಟೆ. ಆಸೆಗೆ ಬೆಲೆ ತೆರಬೇಕೆ ಎಂಬುದನ್ನು ಮನೆಯವರು ಯೋಚಿಸಬೇಕು. ೨೦೧೭ರ ಆಗಸ್ಟಿನಲ್ಲಿ ರಾಷ್ಟ್ರೀಯ ಔಷಧ ಬೆಲೆ ಪ್ರಾಧಿಕಾರ ಮಂಡಿ ಕೀಲುಗಳ ಬೆಲೆಗೆ ಮಿತಿ ಹಾಕಿದಾಗ, ಸರಾಸರಿ ೧,೫೮,೩೨೪ ರೂಪಾಯಿಗೆ ಮಾರುತ್ತಿದ್ದ ಕೋಬಾಲ್ಟ್-ಕ್ರೋಮಿಯಂ ಕೀಲನ್ನು ೫೪,೭೨೦ ರೂಪಾಯಿಗೆ ಇಳಿಸಿತು. ತೆರಿಗೆ ಬೇರೆ. ಸುಮಾರು ಎರಡೂವರೆ ಲಕ್ಷ ಬೀಳುತ್ತಿದ್ದ ವಿಶೇಷ ಲೋಹದ ಕೀಲಿಗೆ ೭೬,೬೦೦ ರೂಪಾಯಿ ನಿಗದಿಯಾಯಿತು. ಎಂದರೆ ಅಲ್ಲಿಯವರೆಗೆ ನಮ್ಮ ಜನ, ಊರಿನ ಹೊಲ ಮಾರಿ, ಮಗಳ ಮದುವೆಗೆಂದು ಕೂಡಿಟ್ಟದ್ದನ್ನು ಮುರಿದು ಕೊಟ್ಟ ಹಣದ ಬಹುಪಾಲು ಹೋದದ್ದು ಕೀಲಿಗಲ್ಲ, ನಡುವಿನ ಕೈಗಳಿಗೆ. ಆ ಮಿತಿ ಇರುವುದು ಕೀಲಿಗೆ ಮಾತ್ರ. ಹೊಸ ಯಂತ್ರದ ಹೆಸರಿನಲ್ಲಿ ಕೇಳುವ ಹೆಚ್ಚಿನ ಹಣಕ್ಕೆ ಅಲ್ಲ. ಒಂದು ಬಾಗಿಲು ಮುಚ್ಚಿದ ಮೇಲೆ ಇನ್ನೊಂದು ಬಾಗಿಲಿಗೆ ತೋರಣ ಕಟ್ಟುವುದು ವ್ಯಾಪಾರದ ಸ್ವಭಾವ. ಆ ತೋರಣವನ್ನು ನಮ್ಮ ಸಂಘದ ಬಾಗಿಲಿಗೆ ಕಟ್ಟಬೇಕೆ?

ಸರ್ಕಾರ ಏನೂ ಮಾಡಿಲ್ಲವೆಂದು ನಾವು ಹೇಳುವುದಿಲ್ಲ. ನಾವೂ ಸರ್ಕಾರದ ಅನ್ನ ಉಣ್ಣುವವರೇ. ವೈದ್ಯ ಸಾಧನಗಳಿಂದಾದ ಅಪಾಯಗಳನ್ನು ವರದಿ ಮಾಡುವ ವ್ಯವಸ್ಥೆ ೨೦೧೫ರಲ್ಲಿ ಆರಂಭವಾಯಿತು. ವೈದ್ಯ ಸಾಧನಗಳ ನಿಯಮಗಳು ೨೦೧೭ರಲ್ಲಿ ರೂಪುಗೊಂಡು ಮರುವರ್ಷ ಜಾರಿಗೆ ಬಂದವು. ಆದರೆ ಅಪಾಯವಾದ ಮೇಲೆ ಬರೆಯುವ ವರದಿ ಬೇರೆ. ಹಾಕಿದ ದಿನವೇ ಬರೆದಿಡುವ ರಿಜಿಸ್ಟರು ಬೇರೆ. ಎಷ್ಟು ಕೀಲು ಹಾಕಿದರೆಂಬುದೇ ತಿಳಿಯದಿದ್ದರೆ ಎಷ್ಟು ಕೆಟ್ಟವೆಂಬ ಅಂಕಿಗೆ ಅರ್ಥವೇನು? ಛೇದವಿಲ್ಲದ ಭಿನ್ನರಾಶಿಯನ್ನು ಯಾವ ಶಾಲೆಯಲ್ಲೂ ಕಲಿಸುವುದಿಲ್ಲ.

ಇನ್ನು ನಾವು ಮಾಡಬೇಕಾದದ್ದು. ದೊಡ್ಡ ಮಾತು ಬೇಡ, ಸಂಘದ ಕೈಲಾಗುವುದನ್ನೇ ಹೇಳುತ್ತೇವೆ. ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಮೂರು ಗೊತ್ತುವಳಿಗಳನ್ನು ಮಂಡಿಸಲಿದ್ದೇವೆ. ಒಂದು, ಸಂಘದ ವೇದಿಕೆಯಿಂದ ಮಾತಾಡುವ ಯಾವ ಆಸ್ಪತ್ರೆಯವರೂ ತಮ್ಮ ಕರಪತ್ರ ಹಂಚಕೂಡದು; ಸಭೆಯ ಪ್ರಶ್ನೆಗೆ ಸಂಖ್ಯೆ ಇದ್ದರೆ ಸಂಖ್ಯೆ ಕೊಡಬೇಕು, ಇಲ್ಲದಿದ್ದರೆ ಇಲ್ಲವೆನ್ನಬೇಕು. ಎರಡು, ಶಸ್ತ್ರಚಿಕಿತ್ಸೆಗೆ ಮುನ್ನ ಕೇಳಬೇಕಾದ ಪ್ರಶ್ನೆಗಳನ್ನು ಕನ್ನಡದಲ್ಲಿ ಒಂದು ಪುಟ ಅಚ್ಚು ಮಾಡಿಸಿ ಮನೆಮನೆಗೆ ಕೊಡಬೇಕು. ಈ ಕೀಲು ಎಷ್ಟು ವರ್ಷದಿಂದ ಬಳಕೆಯಲ್ಲಿದೆ? ಹೊರದೇಶದ ರಿಜಿಸ್ಟರುಗಳಲ್ಲಿ ಅದರ ಹತ್ತು ವರ್ಷದ ಬಾಳಿಕೆ ಎಷ್ಟು? ನೀವು ವರ್ಷಕ್ಕೆ ಎಷ್ಟು ಮಾಡುತ್ತೀರಿ? ಬಿಟ್ಟರೆ ಏನಾಗುತ್ತದೆ, ವ್ಯಾಯಾಮ ಮತ್ತು ತೂಕ ಇಳಿಸುವುದರಿಂದ ಇನ್ನೆಷ್ಟು ಕಾಲ ದೂಡಬಹುದು? ಮೂರು, ದೇಶಕ್ಕೆಲ್ಲ ಒಂದು ಕಡ್ಡಾಯ ಕೀಲು ರಿಜಿಸ್ಟರು ಬೇಕೆಂದು ಆರೋಗ್ಯ ಸಚಿವಾಲಯಕ್ಕೆ ಸಂಘದಿಂದ ಮನವಿ ಹೋಗಬೇಕು. ಪುಣೆ, ದೆಹಲಿ, ಚೆನ್ನೈ, ಹೈದರಾಬಾದುಗಳ ಸೋದರ ಸಂಘಗಳೂ ಜೊತೆಗೂಡಿದರೆ ಇನ್ನೂ ಒಳ್ಳೆಯದು. ನಾಡಹಬ್ಬಕ್ಕೆ ಕೂಡುವ ನಾವು ನಡೆದಾಡುವ ಕಾಲಿಗಾಗಿ ಒಮ್ಮೆ ಕೂಡಿದರೆ ತಪ್ಪೇನು? ಕರಡನ್ನು ಬರೆದುಕೊಡಲು ನಾವು ಸಿದ್ಧ. ಮನವಿ ಪತ್ರ ಬರೆಯುವುದೊಂದು ನಮಗೆ ಬರುತ್ತದೆ.

ಅಲ್ಲಿಯವರೆಗೆ ಪ್ರತಿ ಮನೆಯವರೂ ಒಂದು ಕೆಲಸ ಮಾಡಬಹುದು. ನಿಮ್ಮ ಮನೆಯಲ್ಲಿ ಯಾರಿಗಾದರೂ ಕೀಲು, ಸಲಾಕೆ, ತಗಡು, ಏನೇ ಹಾಕಿಸಿದ್ದರೂ, ಅದರ ಡಬ್ಬದ ಮೇಲಿನ ಚೀಟಿಯ ಒಂದು ಪ್ರತಿಯನ್ನು ಕೇಳಿ ಪಡೆಯಿರಿ. ಕಂಪನಿಯ ಹೆ��ರು, ಅಳತೆ, ಬ್ಯಾಚ್ ಸಂಖ್ಯೆ, ಹಾಕಿದ ದಿನ ಇವನ್ನು ಒಂದು ನೋಟುಬುಕ್ಕಿನಲ್ಲಿ ಬರೆದು, ಪಡಿತರ ಚೀಟಿ, ಮನೆಪತ್ರ ಇಡುವ ಕಡೆ ಇಡಿ. ಒಂದು ಪ್ರತಿ ಮಗನ ಬಳಿ, ಒಂದು ಮಗಳ ಬಳಿ ಇರಲಿ. ಹಳೆಯದಾದರೆ ಇಂದೇ ಆಸ್ಪತ್ರೆಗೆ ಹೋಗಿ ಕೇಳಿ. ಕಡತಗಳಿಗೆ ಆಯುಸ್ಸು ಕಡಿಮೆ.

ಅಂದು ಪ್ರಶ್ನೆ ಕೇಳಿದ ಹಿರಿಯರ ಮನೆಗೆ ಕಳೆದ ಭಾನುವಾರ ಹೋಗಿ ಕ್ಷಮೆ ಕೇಳಿ ಬಂದೆವು. ಅವರು ನಕ್ಕು, ಕಾಫಿ ಕೊಟ್ಟು, "ನನಗೆ ಉತ್ತರ ಸಿಗಲಿಲ್ಲ, ಅದಕ್ಕೇ ಇನ್ನೂ ಮಾಡಿಸಿಕೊಂಡಿಲ್ಲ" ಎಂದರು. ಮಾಡಿಸಿಕೊಂಡರೆ ಅವರಿಗೆ ಒಳ್ಳೆಯದಾಗುವ ಸಂಭವವೇ ಹೆಚ್ಚು ಎಂದು ನಾವು ನಂಬುತ್ತೇವೆ. ಆದರೆ ಆ ನಂಬಿಕೆಯನ್ನು ಅಂಕಿಯಾಗಿ ಅವರ ಕೈಗೆ ಕೊಡುವ ಪುಸ್ತಕ ನಮ್ಮ ದೇಶದಲ್ಲಿಲ್ಲ. ನಮ್ಮ ಮಾತು ತಪ್ಪೆಂದು ಕಂಡ ವೈದ್ಯ ಮಿತ್ರರು ಬರೆಯಬೇಕು. ಸಂಪಾದಕರು ಅವಕಾಶ ಕೊಡುವರೆಂದು ನಂಬಿದ್ದೇವೆ. ಅಂಕಿಗಳೊಡನೆ ಬರೆದರೆ ಇನ್ನೊಮ್ಮೆ ವಂದನಾರ್ಪಣೆ ಮಾಡಲು ನಮಗೆ ಅಭ್ಯಂತರವಿಲ್ಲ.